ಕ್ಲಾಸ್‌ಗಳಿಗೆ ಹೌಸ್ ರೂಲ್: ನಮ್ಮ ಕರಡು ಪಟ್ಟಿಯಾಗ ಯಾವುದು ನ್ಯಾಯ, ಯಾವುದು ಅಲ್ಲ?

ಟಿಳಕವಾಡಿ ಟೇಬಲ್ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ. ದಾಳ ಉರುಳಿಸಿ ಪಾತ್ರ ಆಡಿಸೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 5ನೇ ಆವೃತ್ತಿ, 2014ರ ನಿಯಮದಾಗ ಹೊಸ ಕ್ಯಾಂಪೇನ್ (ವಾರ ವಾರ ಮುಂದುವರಿಯೋ ಕಥಿ) ಶುರು ಮಾಡೋದೈತಿ. ಐದು ಮಂದಿ, ಒಬ್ಬೊಬ್ಬರದು ಒಂದೊಂದು ಕ್ಲಾಸ್ (ಪಾತ್ರದ ಬಗಿ): ಫೈಟರ್ (ಆಯುಧ ಹಿಡದು ಕಾದಾಡಾಂವ), ರೋಗ್ (ಕಳ್ಳ), ಮಾಂಕ್ (ಮುಷ್ಟಿಲೆ ಹೊಡಿಯಾಂವ), ವಾರ್ಲಾಕ್, ವಿಝರ್ಡ್ (ಇಬ್ಬರೂ ಸ್ಪೆಲ್ ಅಂದ್ರ ಮಂತ್ರ ಹಾಕೋರು). ರವಿವಾರ ಮಧ್ಯಾಹ್ನ ಮೂರೂವರೆ ತಾಸು ಆಟ. ಅಷ್ಟರಾಗ ಒಂದು ಕಾಳಗ, ಭಾಳ ಅಂದ್ರ ಎರಡು. 1ನೇ ಲೆವೆಲ್‌ನಿಂದ 10ರ ಮಟ ಒಯ್ಯೋ ವಿಚಾರ ಐತಿ.

ಕ್ಲಾಸ್‌ಗಳ ನಡುವ ಹೆಚ್ಚುಕಮ್ಮಿ ಆಗಬಾರದು ಅಂತ ಆರು ಹೌಸ್ ರೂಲ್ (ಪುಸ್ತಕ ಬಿಟ್ಟು ನಮ್ಮ ಟೇಬಲ್‌ದ ಸ್ವಂತ ನಿಯಮ) ಕರಡು ಮಾಡಿವಿ. ಏಟಿನ ದಾಳದಾಗ 1 ಬಿದ್ರ ಕೈಯಾಗಿನ ಆಯುಧ ಕೆಳಗ ಬೀಳ್ತೈತಿ. ರೋಗ್‌ನ ಸ್ನೀಕ್ ಅಟ್ಯಾಕ್ (ಏಟಿಗೆ ಹೆಚ್ಚಿನ ದಾಳ ಕೂಡಿಸೋ ಸವಲತ್ತು) ಅಡಗಿ ಕುಂತಾಗಷ್ಟ ನಡೀತೈತಿ. ಲೆವೆಲ್ ಏರಿದಾಗ ಎಚ್‌ಪಿಗೆ (ಪಾತ್ರದ ಜೀವದ ಅಂಕ) ದಾಳ ಉರುಳಸೋದು, ಪುಸ್ತಕದ ಸರಾಸರಿಗಿಂತ ಕಡಿಮಿ ಬಿದ್ರ ಸರಾಸರಿನ ತೊಗೊಳ್ಳೋದು. ಕ್ರಿಟಿಕಲ್ ಆದ್ರ (ಏಟಿನ ದಾಳದಾಗ 20 ಬಿದ್ರ) ಡ್ಯಾಮೇಜ್ ದಾಳದ ಗರಿಷ್ಠ ಸಂಖ್ಯೆ, ಅದರ ಮ್ಯಾಲ ಇನ್ನೊಮ್ಮೆ ಉರುಳಿಸಿದ್ದು. ಹೀಲಿಂಗ್ ಪೋಶನ್ ಕುಡಿಯೋದು ಬೋನಸ್ ಆಕ್ಷನ್ (ಸರದಿಯ ಮುಖ್ಯ ಆಕ್ಷನ್ ಜೋಡಿ ಮಾಡೋ ಸಣ್ಣ ಕೆಲಸ). ಮಾಂಕ್‌ಗೆ ಎರಡು ಕೀ ಪಾಯಿಂಟ್ (ವಿಶೇಷ ಪಟ್ಟಿಗೆ ಖರ್ಚು ಮಾಡೋ ಅಂಕ) ಹೆಚ್ಚಿಗೆ.

ಇದರಾಗ ಯಾವುದು ಖರೇನ ನ್ಯಾಯ, ಯಾವುದು ಒಬ್ಬರ ತಾಟಿನಾಗಿಂದು ತಗದು ಇನ್ನೊಬ್ಬರ ತಾಟಿಗೆ ಬಡಿಸಿದಂಗ ಆಗ್ತೈತಿ, ತಿಳದವರು ಬಿಡಿಸಿ ಹೇಳ್ರಿ.

ಘಟಪ್ರಭಾ (ಗೋಕಾಕ)

ಆರು ನಿಯಮಗಳ ಬಗ್ಗೆ ಉಳಿದವರು ಹೇಳುತ್ತಾರೆ. ಪಟ್ಟಿಯಲ್ಲಿ ಬರೆಯದ ಏಳನೆಯದೊಂದು ನಿಮ್ಮ ಟೇಬಲ್‌ನಲ್ಲಿ ಆಗಲೇ ಜಾರಿಯಲ್ಲಿದೆ, ಎಲ್ಲಕ್ಕಿಂತ ದೊಡ್ಡದೂ ಅದೇ: ಒಂದು ಲಾಂಗ್ ರೆಸ್ಟ್‌ಗೆ (ಶಕ್ತಿಯೆಲ್ಲ ಮರಳಿಸುವ ರಾತ್ರಿಯ ವಿಶ್ರಾಂತಿ) ಒಂದೋ ಎರಡೋ ಕಾಳಗ. 2014ರ ಡಿಎಂ (ಆಟ ನಡೆಸುವವರು) ಪುಸ್ತಕದ ಲೆಕ್ಕ ಬೇರೆ. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಮಧ್ಯಮ ಇಲ್ಲವೇ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿ, ಮಧ್ಯೆ ಸುಮಾರು ಎರಡು ಶಾರ್ಟ್ ರೆಸ್ಟ್ (ಒಂದು ತಾಸಿನ ಸಣ್ಣ ವಿಶ್ರಾಂತಿ). ಕ್ಲಾಸ್‌ಗಳನ್ನು ತೂಗಿರುವುದು ಅಷ್ಟು ಉದ್ದದ ದಿನಕ್ಕೆ.

5ನೇ ಲೆವೆಲ್ ತೆಗೆದುಕೊಳ್ಳಿ. ವಿಝರ್ಡ್‌ಗೆ 1ನೇ ಹಂತದ ನಾಲ್ಕು, 2ನೇ ಹಂತದ ಮೂರು, 3ನೇ ಹಂತದ ಎರಡು, ಒಟ್ಟು ಒಂಬತ್ತು ಸ್ಪೆಲ್ ಸ್ಲಾಟ್ (ಒಂದು ಸ್ಪೆಲ್‌ಗೆ ಒಂದು ಖರ್ಚು). ವಾರ್ಲಾಕ್‌ಗೆ 3ನೇ ಹಂತದವು ಎರಡೇ, ಆದರೆ ಪ್ರತಿ ಶಾರ್ಟ್ ರೆಸ್ಟ್‌ಗೆ ಮರಳಿ ಬರುತ್ತವೆ. ದಿನಕ್ಕೆ ಎರಡು ಶಾರ್ಟ್ ರೆಸ್ಟ್ ಸಿಕ್ಕರೆ ಆರಾದವು. ಮಾಂಕ್‌ನ ಐದು ಕೀ ಹದಿನೈದಾಗುತ್ತದೆ. ಫೈಟರ್‌ನ ಆಕ್ಷನ್ ಸರ್ಜ್ (ಸರದಿಗೆ ಇನ್ನೊಂದು ಆಕ್ಷನ್), ಸೆಕೆಂಡ್ ವಿಂಡ್ (ಒಂದಿಷ್ಟು ಎಚ್‌ಪಿ ಮರಳುವುದು) ಎರಡೂ ಒಂದರಿಂದ ಮೂರಕ್ಕೆ ಏರುತ್ತವೆ. ಈಗ ನಿಮ್ಮ ಟೇಬಲ್‌ಗೆ ಬನ್ನಿ. ಕಾಳಗವೊಂದು ನಾಲ್ಕು ಸುತ್ತಿಗೆ ಮುಗಿಯಿತು ಅಂದುಕೊಳ್ಳಿ. ಎರಡು ಕಾಳಗಕ್ಕೆ ಎಂಟು ಸುತ್ತು. ವಿಝರ್ಡ್ ಪ್ರತಿ ಸುತ್ತಿಗೂ ಒಂದು ಸ್ಲಾಟ್ ಸುರಿದರೂ ಒಂದು ಉಳಿಯುತ್ತದೆ. ವಾರ್ಲಾಕ್ ಎರಡು ಸ್ಪೆಲ್ ಹಾಕಿ ಉಳಿದ ಆರು ಸುತ್ತು ಸ್ಲಾಟ್ ಬೇಡದ ಎಲ್ಡ್ರಿಚ್ ಬ್ಲಾಸ್ಟ್ ಒಂದನ್ನೇ ಹೊಡೆಯುತ್ತಾನೆ. ಮಾಂಕ್ ಬಡವ ಎಂಬ ಮಾತು ಹುಟ್ಟುವುದೂ ಬಹುಪಾಲು ಇಂಥ ಟೇಬಲ್‌ಗಳಲ್ಲೇ. ಕ್ಲಾಸ್‌ಗೆ ಕೈ ಹಚ್ಚುವ ಮೊದಲು ರೆಸ್ಟ್ ಸರಿಮಾಡಿ.

ನನ್ನ ಸಲಹೆ: ಶಾರ್ಟ್ ರೆಸ್ಟ್ ಒಂದು ತಾಸಲ್ಲ, ಹತ್ತು ನಿಮಿಷ. ಒಂದು ಲಾಂಗ್ ರೆಸ್ಟ್‌ನಿಂದ ಇನ್ನೊಂದರವರೆಗೆ ಅಂಥವು ಎರಡೇ. ರವಿವಾರದ ಆಟ ಮುಗಿದ ಮಾತ್ರಕ್ಕೆ ಲಾಂಗ್ ರೆಸ್ಟ್ ಆಗುವುದಿಲ್ಲ. ಕಥೆಯಲ್ಲಿ ಸುರಕ್ಷಿತ ಜಾಗ ಸಿಕ್ಕಾಗಲೇ ಆಗುವುದು. ಹೀಗೆ ಮಾಡಿದರೆ ನಿಮ್ಮ ಮೂರು ರವಿವಾರ ಸೇರಿ ಕ್ಲಾಸ್‌ಗಳ ಒಂದು ದಿನ ಆಗುತ್ತದೆ. ಕೆಲಸ ಕೆಡುವುದು ನೆನಪಿನಲ್ಲಿ. ವಾರ ಕಳೆದ ಮೇಲೆ ಯಾರ ಹತ್ತಿರ ಎಷ್ಟು ಸ್ಲಾಟ್ ಉಳಿದಿತ್ತು ಎಂದು ಜಗಳ ಬೇಡ. ಪ್ರತಿ ಪಾತ್ರಕ್ಕೂ ಒಂದು ರಟ್ಟಿನ ಕಾರ್ಡ್ ಇಡಿ: ಮೇಲೆ ಎಚ್‌ಪಿ ಮತ್ತು ಉಳಿದ ಹಿಟ್ ಡೈಸ್ (ಶಾರ್ಟ್ ರೆಸ್ಟ್‌ನಲ್ಲಿ ಎಚ್‌ಪಿ ಮರಳಿಸುವ ದಾಳ), ಕೆಳಗೆ ಸ್ಲಾಟ್‌ಗಳ ಖಾಲಿ ಚೌಕ, ಬಲಗಡೆ ಶಾರ್ಟ್ ರೆಸ್ಟ್‌ನ ಎರಡು ಚೌಕ. ಪೆನ್ಸಿಲ್‌ನಿಂದ ಗೀಟು ಹಾಕಿ, ಏಳುವ ಮೊದಲು ಐದೂ ಕಾರ್ಡ್ ಒಟ್ಟಿಗೆ ಇಟ್ಟು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಘಟಪ್ರಭಾ ಅವರು ಹೇಳಿದ್ದು ಖರೇ ಅದ. ಪ್ರಯಾಣದ ಕಥಿ ಇದ್ರ ಈ ಮಾತು ಇನ್ನೂ ಗಟ್ಟಿ. ನಮ್ಮ ಕಡೀ ನೆಲಾನ ನಕ್ಷಿ ಮಾಡ್ಕೊಂಡು ನೋಡ್ರಿ. ಪುಸ್ತಕದ ಪ್ರಕಾರ ಸಾಧಾರಣ ನಡಿಗಿ ದಿನಕ್ಕ 24 ಮೈಲು, ಹತ್ತತ್ರ 39 ಕಿ.ಮೀ. ವಿಜಯಪುರ ಬಿಟ್ಟು ಕೊಲ್ಹಾರದ ಹತ್ರ ಕೃಷ್ಣಾ ದಾಟಿ ಬಾಗಲಕೋಟಿ ಮುಟ್ಟಲಿಕ್ಕೆ 80 ಕಿ.ಮೀ. ಮ್ಯಾಲ ಆಗ್ತದ. ಅಂದ್ರ ಮೂರನೇ ದಿನ ಊರು ಸಿಗ್ತದ, ನಡುವ ಎರಡು ರಾತ್ರಿ. ಪ್ರತಿ ರಾತ್ರಿ ಲಾಂಗ್ ರೆಸ್ಟ್ ಕೊಟ್ರ ದಿನಕ್ಕೊಂದು ಕಾಳಗ, ವಿಝರ್ಡ್ ಪ್ರತಿ ದಿನ ತುಂಬಿದ ಕೈಲೇ ಬರ್ತಾನ.

ಅದಕ್ಕ ದಾರಿ ಮ್ಯಾಲಿನ ರಾತ್ರಿ ಶಾರ್ಟ್ ರೆಸ್ಟ್ ಅಷ್ಟ ಅಂತ ಇಡ್ರಿ. ಧರ್ಮಶಾಲಾ, ಮಠ, ಕ್ವಾಟಿ ಇರೋ ಊರು ಸಿಕ್ರ ಲಾಂಗ್ ರೆಸ್ಟ್. ಎರಡು ರಾತ್ರಿ ಅಂದ್ರ ಎರಡು ಶಾರ್ಟ್ ರೆಸ್ಟ್ ತಾನ ಆಗ್ತಾವ. ಹೊಳಿ ದಾಟೋ ಜಾಗದಾಗ ಒಂದು ಕಾಳಗ, ಅದರ ಹಿಂದ ಮುಂದ ಎರಡೆರಡು ಸಣ್ಣವು ಇಟ್ರ ಐದು ಆದವು.

ಡಿಎಂ ಪುಸ್ತಕದಾಗ ಗ್ರಿಟಿ ರಿಯಲಿಸಂ ಅಂತ ಬ್ಯಾರೆ ಆಯ್ಕೆನೂ ಅದ: ಶಾರ್ಟ್ ರೆಸ್ಟ್ 8 ತಾಸು, ಲಾಂಗ್ ರೆಸ್ಟ್ 7 ದಿನ. ಅದನ್ನ ಹಂಗ ಎತ್ತಿ ತಂದ್ರ ಒಂದು ತೊಡಕು. ಮೇಜ್ ಆರ್ಮರ್ (ವಿಝರ್ಡ್ ಮೈ ಕಾಯೋ ಸ್ಪೆಲ್) ಇರೋದು 8 ತಾಸು. ಮೊದಲನೇ ದಿನಾನ ಮುಗೀತದ, ಸ್ಲಾಟ್ ಮಾತ್ರ ವಾರಗಟ್ಟಲೆ ವಾಪಸ್ ಬರೂದಿಲ್ಲ. ಆ ದಾರಿ ಹಿಡಿಯೋದಾದ್ರ ಒಂದು ತಾಸಿನ ಸ್ಪೆಲ್ 8 ತಾಸು, 8 ತಾಸಿನ ಸ್ಪೆಲ್ 3 ದಿನ ಅಂತ ಹಿಗ್ಗಸ್ರಿ. ಇಲ್ಲಂದ್ರ ವಿಝರ್ಡ್‌ಗೆ ಅನ್ಯಾಯ ಆಗ್ತದ.

ಇಲಕಲ್ ದಾಳ (ಬಾಗಲಕೋಟೆ ಜಿಲ್ಲೆ)

ಆಯುಧ ಬೀಳೋ ನಿಯಮ ಮೊದಲು ತಗದು ಹಾಕ್ರಿ. ಇಪ್ಪತ್ತರ ದಾಳದಾಗ 1 ಬೀಳೋ ಸಂಭವ ನೂರಕ್ಕ 5. ಫೈಟರ್ 1ನೇ ಲೆವೆಲ್‌ನಾಗ ಒಂದು ಏಟು ಹೊಡಿತಾನ, ಸರದಿಗೆ ನೂರಕ್ಕ 5. 5ನೇ ಲೆವೆಲ್‌ನಾಗ ಎರಡು ಏಟು, ನೂರಕ್ಕ 9.75. 11ರಾಗ ಮೂರು ಏಟು, 14.3. 20ರಾಗ ನಾಕು, 18.5. 11ನೇ ಲೆವೆಲ್‌ನಾಗ ಆಕ್ಷನ್ ಸರ್ಜ್ ಹಚ್ಚಿದ್ರ ಆರು ಏಟು, 26.5. ಪಳಗಿದಂಗ ಪಳಗಿದಂಗ ಕತ್ತಿ ಜಾಸ್ತಿ ಸಲ ಜಾರ್ತೈತಿ ಅಂದಂಗಾತು. ಅದ ಹೊತ್ತಿನಾಗ ವಿಝರ್ಡ್ ಫೈರ್‌ಬಾಲ್ ಒಗದ್ರ ದಾಳ ಉರುಳಸೋದು ಶತ್ರುಗಳು, ಅವರದು ಸೇವಿಂಗ್ ಥ್ರೋ (ಸ್ಪೆಲ್ ತಪ್ಪಿಸಿಕೊಳ್ಳೋ ದಾಳ). ಆಗ ವಿಝರ್ಡ್‌ಗೆ ಈ ನಿಯಮ ತಟ್ಟೋದ ಇಲ್ಲ.

ಮಾಂಕ್ ಕತಿ ಇನ್ನೊಂದು. ಫ್ಲರಿ (ಕೀ ಕೊಟ್ಟು ಹೊಡಿಯೋ ಎರಡು ಹೆಚ್ಚಿನ ಏಟು) ಸೇರಿ 5ನೇ ಲೆವೆಲ್‌ನಾಗ ನಾಕು ಏಟು, ಆದ್ರ ಮುಷ್ಟಿ ಕೆಳಗ ಬೀಳಂಗಿಲ್ಲ. ಆಗ ಡಿಎಂ ನಿಂತ ಕಾಲ ಮ್ಯಾಲ ಏನರೆ ಹುಡುಕ್ತಾರ, "ನೀ ಜಾರಿ ಬಿದ್ದಿ" ಅಂತಾರ. ಬಿದ್ದಾಂವ ಏಳಬೇಕಂದ್ರ ಅರ್ಧ ಓಟ ಹೋತು. ಆಯುಧ ಬಿದ್ದಾಂವ ಪುಗಸಟ್ಟೆ ಎತ್ತಿಕೊಳ್ತಾನ, ಯಾಕಂದ್ರ ಸರದಿಗೊಂದು ವಸ್ತು ಮುಟ್ಟೋದು ಫ್ರೀ. ಒಂದ ನಿಯಮ, ಇಬ್ಬರಿಗೆ ಎರಡು ದಂಡ.

ಬಾದಾಮಿ ಬಾರ್ಡ್

ದಾಳದವರ ಲೆಕ್ಕ ಸರಿ ಇದೆ. ಆದರೂ 1 ಬಿದ್ದಾಗ ಏನೋ ಒಂದು ಆಗಲಿ ಎಂದು ಬಯಸುವ ಗುಂಪುಗಳಿವೆ, ಅವರಿಗೊಂದು ದಾರಿ ಇರಬೇಕು. ಎರಡು ತಿದ್ದುಪಡಿ ಸಾಕು. ಒಂದು, ಸರದಿಯ ಮೊದಲ ಏಟಿನ ದಾಳಕ್ಕೆ ಮಾತ್ರ ನಿಯಮ ಅನ್ವಯ. ಆಗ ಎಲ್ಲ ಲೆವೆಲ್‌ನಲ್ಲೂ ನೂರಕ್ಕೆ 5. ಎರಡು, ಶತ್ರು ಸೇವಿಂಗ್ ಥ್ರೋದಲ್ಲಿ ನೇರ 20 ಉರುಳಿಸಿದರೆ ಸ್ಪೆಲ್ ಹಾಕಿದವನಿಗೂ ಅದೇ ದಂಡ. ದಂಡವೂ ಎಲ್ಲರಿಗೂ ಒಂದೇ ಇರಲಿ: ಮುಂದಿನ ಸರದಿಯವರೆಗೆ ನಿಮ್ಮ ಮೇಲೆ ಬರುವ ಮೊದಲ ಏಟಿಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವುದು).

ಇಲಕಲ್ ದಾಳ (ಬಾಗಲಕೋಟೆ ಜಿಲ್ಲೆ)

ಬಾರ್ಡ್ ಸರ, ಫೈರ್‌ಬಾಲ್‌ನಾಗ ನಾಕು ಗಾಬ್ಲಿನ್ ಇದ್ರ ಒಂದರೆ 20 ಬೀಳೋ ಸಂಭವ 18.5 ಆಗ್ತೈತಿ, ಈಗ ತಕ್ಕಡಿ ವಿಝರ್ಡ್ ವಿರುದ್ಧ ವಾಲಿತು. ಅಲ್ಲೂ ಮೊದಲು ಉರುಳಿಸಿದ ಒಂದ ದಾಳ ಹಿಡೀರಿ. ಹಂಗಾದ್ರ ನಂದೇನೂ ತಕರಾರಿಲ್ಲ.

ಬಾದಾಮಿ ಬಾರ್ಡ್

ಒಪ್ಪಿದೆ. ಮೊದಲ ದಾಳ ಮಾತ್ರ.

ಕೆಂಪುಕಲ್ಲು (ಬಾಗಲಕೋಟೆ)

ಸ್ನೀಕ್ ಅಟ್ಯಾಕ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಅತಿ ಹೆಚ್ಚು ಟೇಬಲ್‌ಗಳಲ್ಲಿ ಅನ್ಯಾಯ ಆಗುವುದು ಇಲ್ಲೇ.

ಹೊಸ ಡಿಎಂಗಳ ಕಣ್ಣಿಗೆ ಬೀಳುವುದು ಕೈತುಂಬ ದಾಳ. ಮೂರು ಆರರ ದಾಳ ಒಟ್ಟಿಗೆ ಉರುಳಿದರೆ ದೊಡ್ಡದೆನಿಸುತ್ತದೆ. ಕಾಗದದ ಮೇಲೆ ಕೂಡಿಸಿ ನೋಡಿ. ಇಬ್ಬರೂ 5ನೇ ಲೆವೆಲ್, ಮುಖ್ಯ ಅಂಕ 18, ಶತ್ರುವಿನ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 15. ಏಟಿಗೆ +7 ಇರುವುದರಿಂದ 8 ಅಥವಾ ಮೇಲೆ ಬೇಕು, ಅಂದರೆ ನೂರಕ್ಕೆ 65. ಫೈಟರ್ ಗ್ರೇಟ್‌ಸ್ವೋರ್ಡ್ ಹಿಡಿದರೆ ಒಂದು ಏಟಿಗೆ 2ಡಿ6+4 (ಎರಡು ಆರರ ದಾಳ, ಮೇಲೆ 4), ಸರಾಸರಿ 11. ಎರಡು ಏಟಿಗೆ 22. ತಪ್ಪುವ ಏಟು ಕಳೆದರೆ ಸರದಿಗೆ 14.3. ರೋಗ್ ರೇಪಿಯರ್ ಹಿಡಿದರೆ 1ಡಿ8+4, ಜೊತೆಗೆ 3ಡಿ6, ಸರಾಸರಿ 19. ಒಂದೇ ಏಟು ಆದ್ದರಿಂದ ಸರದಿಗೆ 12.35. ಎಲ್ಲ ಸವಲತ್ತು ಸಿಕ್ಕ ಮೇಲೂ ರೋಗ್ ಹಿಂದೆಯೇ ಇದ್ದಾನೆ. ಇದರಲ್ಲಿ ಫೈಟಿಂಗ್ ಸ್ಟೈಲ್, ಕ್ರಿಟಿಕಲ್, ಆಕ್ಷನ್ ಸರ್ಜ್ ಸೇರಿಸಿಲ್ಲ. ಸೇರಿಸಿದರೆ ಅಂತರ ಇನ್ನೂ ಹೆಚ್ಚು.

ಅಡಗಿದ್ದಾಗ ಮಾತ್ರ ಎಂಬ ನಿಯಮ ತಂದರೆ ರೋಗ್ ಪ್ರತಿ ಸರದಿ ಬೋನಸ್ ಆಕ್ಷನ್‌ನಲ್ಲಿ ಹೈಡ್ ಮಾಡಬೇಕು. ಮರೆ ಬೇಕು, ಸ್ಟೆಲ್ತ್ ದಾಳ ಗೆಲ್ಲಬೇಕು, ಆಮೇಲೆ ಏಟು ತಾಗಬೇಕು. ಬಯಲಲ್ಲಿ ನಿಂತ ಕಾಳಗದಲ್ಲಿ ಅವನ ಏಟು 8.5ಕ್ಕೆ ಇಳಿಯುತ್ತದೆ, ಪಕ್ಕದ ಫೈಟರ್ 22 ಹೊಡೆಯುತ್ತಿರುತ್ತಾನೆ. ಪುಸ್ತಕದ ಷರತ್ತೇ ಸಾಕಷ್ಟು ಬಿಗಿ ಇದೆ: ಫಿನೆಸ್ (ರೇಪಿಯರ್‌ನಂಥ ಚುರುಕು ಕೈಯ) ಇಲ್ಲವೇ ದೂರದಿಂದ ಹೊಡೆಯುವ ಆಯುಧ, ಅಡ್ವಾಂಟೇಜ್ ಇರಬೇಕು, ಇಲ್ಲವೇ ಶತ್ರುವಿನ 5 ಅಡಿ ಒಳಗೆ ನಿಷ್ಕ್ರಿಯನಾಗಿರದ ಅವನ ಇನ್ನೊಬ್ಬ ವೈರಿ ಇರಬೇಕು, ಈ ಎರಡನೆಯ ದಾರಿಯಲ್ಲಿ ಡಿಸ್ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದನ್ನು ಹಿಡಿಯುವುದು) ಇರಬಾರದು, ಒಂದು ಸರದಿಗೆ ಒಮ್ಮೆ. "ಎಲ್ಲರೆದುರು ಹೇಗೆ ಕದ್ದು ಹೊಡೆಯುತ್ತಾನೆ" ಎಂದು ಕೇಳುವವರಿಗೆ ಉತ್ತರ ಸರಳ. ಶತ್ರುವಿನ ಗುರಾಣಿ ಫೈಟರ್ ಕಡೆ ತಿರುಗಿದೆ, ಪಕ್ಕೆಲುಬು ರೋಗ್ ಕಡೆ ತೆರೆದಿದೆ. ಅಷ್ಟೇ.

ನಿಜವಾಗಿ ಗಮನಿಸಬೇಕಾದದ್ದು ಎರಡು ಕೈಯಲ್ಲಿ ಶಾರ್ಟ್‌ಸ್ವೋರ್ಡ್ ಹಿಡಿದ ರೋಗ್. ಒಂದು ತಪ್ಪಿದರೂ ಇನ್ನೊಂದಿದೆ, ಆದ್ದರಿಂದ ಸ್ನೀಕ್ ಅಟ್ಯಾಕ್ ತಾಗುವ ಸಂಭವ 65ರಿಂದ 87.75ಕ್ಕೆ ಏರಿ ಸರದಿಗೆ 16.4 ಬೀಳುತ್ತದೆ. ಇದು ಮೇಲಿನ ಫೈಟರ್‌ಗಿಂತ ಹೆಚ್ಚು. ಆದರೆ ಬೋನಸ್ ಆಕ್ಷನ್ ಖರ್ಚಾಗಿ ಡಿಸ್‌ಎಂಗೇಜ್ (ಏಟು ತಿನ್ನದೆ ಹಿಂದೆ ಸರಿಯುವುದು) ಮಾಡಲು ಬರುವುದಿಲ್ಲ, ಎಂಟರ ಹಿಟ್ ಡೈ ಇಟ್ಟುಕೊಂಡು ಶತ್ರುವಿನ ಎದುರೇ ನಿಲ್ಲಬೇಕು. ಬೆಲೆ ಕಟ್ಟಿಯೇ ಪಡೆದ ಲಾಭ, ಹಾಗೇ ಬಿಡಿ.

ಟಿಳಕವಾಡಿ ಟೇಬಲ್ (ಬೆಳಗಾವಿ)

ಅಕ್ಕಾರ, ಈ ಲೆಕ್ಕ ನೋಡಿದ ಮ್ಯಾಲ ಸ್ನೀಕ್ ಅಟ್ಯಾಕ್ ನಿಯಮ ಪಟ್ಟಿಯಿಂದ ಹೊಡದು ಹಾಕೀವಿ. ಆಯುಧ ಬೀಳೋದೂ ಹೋತು. ಎಚ್‌ಪಿ, ಕ್ರಿಟಿಕಲ್ ಬಗ್ಗೆ ಏನಂತೀರಿ?

ಇಲಕಲ್ ದಾಳ (ಬಾಗಲಕೋಟೆ ಜಿಲ್ಲೆ)

ಎಚ್‌ಪಿ ನಿಯಮ ಛಲೋ ಐತಿ, ಇಟ್ಟುಕೊಳ್ರಿ. ಪುಸ್ತಕದ ಸ್ಥಿರ ಸರಾಸರಿ ಡಿ6ಗೆ 4, ಡಿ8ಗೆ 5, ಡಿ10ಗೆ 6, ಡಿ12ಗೆ 7. ನಿಮ್ಮ ನಿಯಮದಾಗ ಅದು 4.5, 5.75, 7, 8.25 ಆಗ್ತೈತಿ. ವಿಝರ್ಡ್‌ಗೆ ಲೆವೆಲ್‌ಗೆ ಅರ್ಧ, ಫೈಟರ್‌ಗೆ ಒಂದು, ಬಾರ್ಬೇರಿಯನ್‌ಗೆ ಒಂದೂಕಾಲು ಹೆಚ್ಚು. ಮುಂದ ನಿಂತು ಏಟು ತಿನ್ನೋರಿಗೆ ಜಾಸ್ತಿ ಸಿಗ್ತೈತಿ, ಯಾರದೂ ಕಸಗೊಂಡಿಲ್ಲ. 10ನೇ ಲೆವೆಲ್‌ಗೆ ಫೈಟರ್‌ಗೆ ಸುಮಾರು 9 ಎಚ್‌ಪಿ ಹೆಚ್ಚು, ಒಂದು ಏಟಿನಷ್ಟು. ಆಟ ಕೆಡಂಗಿಲ್ಲ.

ಕ್ರಿಟಿಕಲ್ ಮಾತ್ರ ಬ್ಯಾರೆ. ಪುಸ್ತಕದಾಗ ದಾಳ ಎರಡರಷ್ಟು ಉರುಳಸೋದು. ಗ್ರೇಟ್‌ಸ್ವೋರ್ಡ್‌ನ ದಾಳ 14 ಬರೋದು ನಿಮ್ಮ ನಿಯಮದಾಗ 19 ಆಗ್ತೈತಿ, 5 ಹೆಚ್ಚು. 5ನೇ ಲೆವೆಲ್ ರೋಗ್‌ಗೆ 30 ಬರೋದು 41, ಅಂದ್ರ 11 ಹೆಚ್ಚು. ಪಾಲಡಿನ್ ಇದ್ದು 2ನೇ ಹಂತದ ಸ್ಲಾಟ್‌ಲೆ ಲಾಂಗ್‌ಸ್ವೋರ್ಡ್ ಮ್ಯಾಲ ಸ್ಮೈಟ್ (ಸ್ಲಾಟ್ ಕೊಟ್ಟು ಏಟಿಗೆ ಕೂಡಿಸೋ ದಾಳ) ಹಚ್ಚಿದ್ರ 36 ಬರೋದು 50, ಅಂದ್ರ 14 ಹೆಚ್ಚು. ಪಾಲಡಿನ್ ಸ್ಮೈಟ್ ಮಾಡೋದು ಏಟು ತಾಗಿದ್ದು ನೋಡಿದ ಮ್ಯಾಲ, ಕ್ರಿಟಿಕಲ್ ಬಿದ್ದಾಗಷ್ಟ ಸ್ಲಾಟ್ ಸುರೀತಾನ. ಹಿಂಗ ಈ ನಿಯಮ ಒಂದ ಏಟಿನ ಮ್ಯಾಲ ದಾಳ ರಾಶಿ ಹಾಕೋ ಕ್ಲಾಸ್‌ಗಷ್ಟ ಬಹುಮಾನ.

ಅದಕ್ಕಿಂತ ಹೆದರಬೇಕಾದ್ದು ರಾಕ್ಷಸರ ಕ್ರಿಟಿಕಲ್‌ಗೆ. 2014ರ ಓರ್ಕ್ ಹಿಡಿಯೋದು ಗ್ರೇಟ್‌ಆಕ್ಸ್, 1ಡಿ12+3. 1ನೇ ಲೆವೆಲ್ ವಿಝರ್ಡ್, ಕಾನ್‌ಸ್ಟಿಟ್ಯೂಷನ್ 14, ಎಚ್‌ಪಿ 8. ಒಂದ ಏಟಿಗೆ 16 ಬಿದ್ರ ಡೆತ್ ಸೇವ್ (ಸಾವಿನಿಂದ ಉಳಿಯೋ ದಾಳ) ಇಲ್ದ ನೇರ ಸಾವು, ಯಾಕಂದ್ರ 0 ಮುಟ್ಟಿದ ಮ್ಯಾಲ ಉಳಿದದ್ದು ಪೂರ್ತಿ ಎಚ್‌ಪಿಯಷ್ಟಾತು. ಪುಸ್ತಕದ ಕ್ರಿಟಿಕಲ್ 2ಡಿ12+3, ಅದರಾಗ 16 ಇಲ್ಲಾ ಹೆಚ್ಚು ಬೀಳೋ ಸಂಭವ ನೂರಕ್ಕ 54. ನಿಮ್ಮ ನಿಯಮದಾಗ 12, ಮ್ಯಾಲ 3, ಮ್ಯಾಲ ಒಂದು ದಾಳ. ದಾಳದಾಗ 1 ಬಿದ್ರೂ 16. ನೂರಕ್ಕ ನೂರು ಸಾವು. ಆ ವಿಝರ್ಡ್ ಆಡಾಕ ಬಂದ ಹುಡುಗ ಮೊದಲನೇ ರವಿವಾರನ ಹೊಸ ಶೀಟ್ ಬರೀಬೇಕು.

ಬೇಕೇ ಬೇಕಂದ್ರ ಆಯುಧದ ದಾಳಕ್ಕ ಮಾತ್ರ ಗರಿಷ್ಠ ಇಡ್ರಿ. ಸ್ನೀಕ್ ಅಟ್ಯಾಕ್, ಸ್ಮೈಟ್ ದಾಳ ಪುಸ್ತಕದಂಗ ಎರಡರಷ್ಟು. ರಾಕ್ಷಸರಿಗೆ ಈ ನಿಯಮ ಬ್ಯಾಡ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಪೋಶನ್ ನಿಯಮ ಸರಿ ಅದ. 2024ರ ಪರಿಷ್ಕೃತ ಪುಸ್ತಕದಾಗ ಅದ ನಿಯಮ ಆಗ್ಯದ. ಸಣ್ಣ ಸೇರ್ಪಡಿ: ಬೋನಸ್ ಆಕ್ಷನ್‌ನಾಗ ಕುಡದ್ರ 2ಡಿ4+2 ಉರುಳಸ್ರಿ, ಪೂರ್ತಿ ಆಕ್ಷನ್ ಕೊಟ್ಟು ಕುಡದ್ರ ದಾಳ ಇಲ್ದ 10. ಬೋನಸ್ ಆಕ್ಷನ್ ಖಾಲಿ ಇರೋ ಫೈಟರ್‌ಗೂ, ಪ್ರತಿ ಸರದಿ ಅದನ್ನ ಬಳಸೋ ರೋಗ್, ಮಾಂಕ್‌ಗೂ ಆಯ್ಕೆ ಉಳೀತದ. ಬಿದ್ದಾಂವನ ಬಾಯಾಗ ಹಾಕೋದು ಮಾತ್ರ ಆಕ್ಷನ್ ಇರಲಿ. ಅದನ್ನೂ ಸಡಿಲ ಮಾಡಿದ್ರ 50 ಚಿನ್ನದ ಸೀಸಾ ಹೀಲರ್‌ನ ಜಾಗ ತೊಗೋತದ.

ಕೆಂಪುಕಲ್ಲು (ಬಾಗಲಕೋಟೆ)

ಮಾಂಕ್‌ಗೆ ಬರೀ ಎರಡು ಕೀ ಹೆಚ್ಚಿಸಬೇಡಿ. 5ನೇ ಲೆವೆಲ್‌ನಲ್ಲಿ ಸ್ಟನಿಂಗ್ ಸ್ಟ್ರೈಕ್ (ಶತ್ರುವಿನ ಸರದಿ ತಪ್ಪಿಸುವ ಏಟು) ಬರುತ್ತದೆ, ತಾಗಿದ ಪ್ರತಿ ಏಟಿಗೂ ಒಂದು ಕೀ ಕೊಟ್ಟು ಪ್ರಯತ್ನಿಸಬಹುದು. ಫ್ಲರಿಗೆ ಒಂದು, ನಾಲ್ಕು ಏಟಿಗೆ ನಾಲ್ಕು, ಒಂದೇ ಸರದಿಗೆ ಐದೂ ಕೀ ಸುರಿದು ಮುಖ್ಯ ಶತ್ರುವನ್ನು ಕಲ್ಲಾಗಿಸಲು ನೋಡುತ್ತಾರೆ. ಕೀ ಏಳಾದರೆ ಅದು ಇನ್ನೂ ಹೆಚ್ಚುತ್ತದೆ. ಮಾಂಕ್‌ನ ತೊಂದರೆ ಬೇರೆ ಕಡೆ ಇದೆ: ಮುಷ್ಟಿಯ ಡ್ಯಾಮೇಜ್ ದಾಳ 4ನೇ ಲೆವೆಲ್‌ವರೆಗೂ ಡಿ4, ಮತ್ತು ತಪ್ಪಿಸಿಕೊಂಡು ಓಡಲೂ ಕೀ ಕೊಡಬೇಕು.

2024ರ ಪುಸ್ತಕದಿಂದ ಮೂರು ತುಂಡು ತನ್ನಿ. ಆ ಡ್ಯಾಮೇಜ್ ದಾಳ ಡಿ6ರಿಂದ ಶುರು, 5ಕ್ಕೆ ಡಿ8, 11ಕ್ಕೆ ಡಿ10, 17ಕ್ಕೆ ಡಿ12. ಬೋನಸ್ ಆಕ್ಷನ್‌ನಲ್ಲಿ ಡ್ಯಾಶ್ ಇಲ್ಲವೇ ಡಿಸ್‌ಎಂಗೇಜ್ ಕೀ ಇಲ್ಲದೆಯೇ. ಸ್ಟನಿಂಗ್ ಸ್ಟ್ರೈಕ್ ಸರದಿಗೆ ಒಂದೇ ಸಲ. ಮೂರನೆಯದನ್ನು ಬಿಟ್ಟು ಮೊದಲಿನ ಎರಡನ್ನೇ ತಂದರೆ ಹೊಸ ಅಸಮತೋಲ ಹುಟ್ಟುತ್ತದೆ, ಮೂರೂ ಒಟ್ಟಿಗೆ ಬರಬೇಕು.

ಅದೇ ಪುಸ್ತಕದಲ್ಲಿ ಮಾಂಕ್‌ಗೆ ಲಾಂಗ್ ರೆಸ್ಟ್‌ಗೆ ಒಮ್ಮೆ ಇನಿಶಿಯೇಟಿವ್ (ಕಾಳಗದ ಸರದಿ ಗೊತ್ತುಮಾಡುವ ದಾಳ) ಉರುಳಿಸುವಾಗ ಎಲ್ಲ ಪಾಯಿಂಟ್ ಮರಳುತ್ತದೆ, ವಾರ್ಲಾಕ್‌ಗೆ ಒಂದು ನಿಮಿಷದ ವಿಧಿಯಲ್ಲಿ ಅರ್ಧ ಸ್ಲಾಟ್ ಮರಳುತ್ತದೆ. ಶಾರ್ಟ್ ರೆಸ್ಟ್ ಸಿಗದ ಟೇಬಲ್‌ಗೆ ಅವು ವರ. ನೀವು ಘಟಪ್ರಭಾ ಅವರ ಹತ್ತು ನಿಮಿಷದ ರೆಸ್ಟ್ ತಂದಿದ್ದರೆ ಅವು ಬೇಡ, ಎರಡೂ ಸೇರಿದರೆ ವಾರ್ಲಾಕ್ ವಿಝರ್ಡ್‌ನ ಜಾಗಕ್ಕೇ ಬಂದುಬಿಡುತ್ತಾನೆ.

ಕರಿನೆಲ (ಇಂಡಿ)

ಎಲ್ಲಾರೂ ವಿಝರ್ಡ್ ಮ್ಯಾಲ ಬಿದ್ದೀರಲ್ರಿ. ಲಾಂಗ್ ರೆಸ್ಟ್ ಬಿಗಿ ಮಾಡಿದ್ರ 1ನೇ ಲೆವೆಲ್ ವಿಝರ್ಡ್ ಏನ್ ಮಾಡಬೇಕು? ಅವನ ಹತ್ರ ಇರೋದ ಎರಡು ಸ್ಲಾಟ್, ಆರ್ಕೇನ್ ರಿಕವರಿಲೆ (ಶಾರ್ಟ್ ರೆಸ್ಟ್‌ನಾಗ ಒಮ್ಮೆ ಸ್ಲಾಟ್ ಮರಳಿಸೋದು) ಇನ್ನೊಂದು. ಮೂರು ರವಿವಾರಕ್ಕ ಮೂರು ಸ್ಪೆಲ್ ಅಂದ್ರ ಅದೂ ಅನ್ಯಾಯನ ಅಲ್ಲೇನು?

ಘಟಪ್ರಭಾ (ಗೋಕಾಕ)

ನ್ಯಾಯದ ಪ್ರಶ್ನೆ. 1ರಿಂದ 4ನೇ ಲೆವೆಲ್‌ವರೆಗೆ ಲಾಂಗ್ ರೆಸ್ಟ್ ಬಿಗಿ ಮಾಡಬೇಡಿ, ಪ್ರತಿ ರಾತ್ರಿ ಕೊಡಿ. ಆ ಹೊತ್ತಿಗೆ ಫೈಟರ್‌ಗೆ ಒಂದೇ ಏಟು, ವಿಝರ್ಡ್‌ಗೆ ಬೆರಳೆಣಿಕೆಯ ಸ್ಲಾಟ್, ಅಂತರ ಹೆಚ್ಚಿಲ್ಲ. 3ನೇ ಹಂತದ ಸ್ಪೆಲ್ ಬರುವ 5ರಿಂದ ನಿಯಮ ಜಾರಿಗೆ ಬರಲಿ. ಇದನ್ನು ಮೊದಲ ದಿನವೇ ಬರೆದು ತೋರಿಸಿ. 5ಕ್ಕೆ ಬಂದ ಮೇಲೆ ಹೇಳಿದರೆ ವಿಝರ್ಡ್ ಆಡುವವರಿಗೆ ಮೋಸ ಮಾಡಿದಂತೆಯೇ.

ಬಾದಾಮಿ ಬಾರ್ಡ್

ಹಳೆಯ ಆಟದಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರ ಇತ್ತು. 1981ರ ಬೇಸಿಕ್ ಸೆಟ್‌ನಲ್ಲಿ 2ನೇ ಲೆವೆಲ್ ಮುಟ್ಟಲು ಕಳ್ಳನಿಗೆ 1,200 ಅನುಭವ ಅಂಕ, ಕ್ಲೆರಿಕ್‌ಗೆ 1,500, ಫೈಟರ್‌ಗೆ 2,000, ಮಾಂತ್ರಿಕನಿಗೆ 2,500, ಎಲ್ಫ್‌ಗೆ 4,000. ಶಕ್ತಿ ಹೆಚ್ಚಾದಂತೆ ಏರುವ ವೇಗ ಕಡಿಮೆ. ಸೊಗಸಾದ ಲೆಕ್ಕ. ಆದರೆ ಅದನ್ನು 5ನೇ ಆವೃತ್ತಿಗೆ ಎಳೆದು ತರಬೇಡಿ. ಇಲ್ಲಿ ಎಲ್ಲ ಕ್ಲಾಸ್‌ಗೂ 300, 900, 2,700, 6,500 ಎಂದು ಒಂದೇ ಕೋಷ್ಟಕ, ಮುಖಾಮುಖಿಗಳ ತೂಕವೂ ಎಲ್ಲರೂ ಒಂದೇ ಲೆವೆಲ್‌ನಲ್ಲಿದ್ದಾರೆ ಎಂದೇ ಕಟ್ಟಿದ್ದು.

ಖಾನಾಪುರ ಹೊಸಬ

ನಾ ಹೊಸಬ ಅದೀನ್ರಿ. ರೇಂಜರ್ (ಅಡವಿ ಬಲ್ಲ ಬೇಟೆಗಾರ) ತೊಗೊಳ್ಳೋ ಆಸೆ. 2014ರ ರೇಂಜರ್ ದಂಡ ಅಂತಾರ, ಖರೇ ಏನ್ರಿ? ಡಿಎಂಗೆ ಏನಂತ ಕೇಳಬೇಕು?

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ದಂಡ ಅಲ್ಲ ತಮ್ಮಾ, ಜಾಗದ ಮ್ಯಾಲ ನಿಂತದ. ನ್ಯಾಚುರಲ್ ಎಕ್ಸ್‌ಪ್ಲೋರರ್‌ಗೆ 1ನೇ ಲೆವೆಲ್‌ನಾಗ ಒಂದು ನೆಲ ಆರಿಸಬೇಕು: ಕಾಡು, ಹುಲ್ಲುಬಯಲು, ಗುಡ್ಡ, ಮರುಭೂಮಿ ಹಿಂಗ. ನೀ ಕಾಡು ಅಂತ ಬರದಿ ಅಂದ್ರ ಖಾನಾಪುರದ ಅಡವ್ಯಾಗ ನೀನ ರಾಜಾ. ಕಥಿ ನಮ್ಮ ಡೋಣಿ ಕಡೀ ಕರಿಮಣ್ಣಿನ ಬಯಲಿಗೆ ಬಂತಂದ್ರ ಆ ಸಾಲು ಸುಮ್ನ ಕಾಗದದ ಮ್ಯಾಲ ಕೂಡ್ತದ. ಬಾದಾಮಿ ಗುಡ್ಡಕ್ಕ ಹೋದ್ರೂ ಅಷ್ಟ. ಮುಂದಿನ ನೆಲ ಸಿಗೋದು 6ನೇ ಲೆವೆಲ್‌ಗೆ.

ಇನ್ನೊಂದು ಬಾಜೂ ನೋಡು. ಆರಿಸಿದ ನೆಲದಾಗ ಮಾಯದಿಂದ ಹೊರತು ದಾರಿ ತಪ್ಪೋದ ಇಲ್ಲ, ಹುಡುಕಿದ ಆಹಾರ ಎರಡರಷ್ಟು. ಡಿಎಂ ಪ್ರಯಾಣದ ಕಷ್ಟದ ಮ್ಯಾಲ ಕಥಿ ಕಟ್ಟಿದ್ರ ಅದು ಒಂದ ಸಾಲಿಗೆ ಮುಗೀತದ. ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಅತಿ.

ಡಿಎಂಗೆ ಹಿಂಗ ಕೇಳು: ಹೊಸ ನೆಲದಾಗ ಒಂದು ಪೂರ್ತಿ ದಿನ ತಿರುಗಾಡಿ ಲಾಂಗ್ ರೆಸ್ಟ್ ಮಾಡಿದ್ರ ಆರಿಸಿದ ನೆಲ ಬದಲಾಗಲಿ. ಅದಕ್ಕ ಪ್ರತಿಯಾಗಿ ದಾರಿ ತಪ್ಪೋದ ಇಲ್ಲ ಅನ್ನೋದರ ಬದಲು ಆ ದಾಳಕ್ಕ ಅಡ್ವಾಂಟೇಜ್. ಇಲ್ಲಂದ್ರ 2020ರಾಗ ಬಂದ ಅಧಿಕೃತ ಬದಲಿ ಡೆಫ್ಟ್ ಎಕ್ಸ್‌ಪ್ಲೋರರ್ ಅದ, ಅದು ನೆಲಕ್ಕ ಕಟ್ಟಿ ಹಾಕಿಲ್ಲ. ಅದನ್ನ ತೊಗೊಂಡ್ರ ಹೌಸ್ ರೂಲ್ ಬೇಕಾಗೂದ ಇಲ್ಲ.

ಇಲಕಲ್ ದಾಳ (ಬಾಗಲಕೋಟೆ ಜಿಲ್ಲೆ)

ಶಾರ್ಟ್ ರೆಸ್ಟ್ ಹತ್ತು ನಿಮಿಷ ಮಾಡೋರು ಮಲ್ಟಿಕ್ಲಾಸ್ (ಒಂದ ಪಾತ್ರಕ್ಕ ಎರಡು ಕ್ಲಾಸ್) ಕಡೆ ಒಂದು ಕಣ್ಣಿಡ್ರಿ. ವಾರ್ಲಾಕ್, ಸಾರ್ಸರರ್ ಎರಡೂ ಆದಾಂವ ವಾರ್ಲಾಕ್‌ನ ಪ್ಯಾಕ್ಟ್ ಸ್ಲಾಟ್ ಒಡದು ಸಾರ್ಸರರ್‌ನ ಸಾರ್ಸರಿ ಪಾಯಿಂಟ್, ಪಾಯಿಂಟ್ ಕೂಡಿಸಿ ಹೊಸ ಸ್ಲಾಟ್ ಮಾಡ್ಕೋತಾನ. ಹತ್ತು ನಿಮಿಷಕ್ಕೊಮ್ಮೆ ಅಂದ್ರ ಸಂಜಿಗೆ ಲೆಕ್ಕ ಸಿಗಂಗಿಲ್ಲ. ಎರಡ ಶಾರ್ಟ್ ರೆಸ್ಟ್ ಅನ್ನೋ ಮಿತಿ ಇದ್ರ ಆ ಬಾಗಲಾ ಮುಚ್ಚತೈತಿ. ಮಿತಿ ಬಿಟ್ಟು ಬರೀ ಹತ್ತು ನಿಮಿಷ ತರಬ್ಯಾಡ್ರಿ.

ಕೆಂಪುಕಲ್ಲು (ಬಾಗಲಕೋಟೆ)

ನಿಯಮ ಜಾರಿಗೆ ತರುವ ರೀತಿ ಬಗ್ಗೆಯೂ ಹೇಳಬೇಕು, ಒಳ್ಳೆ ನಿಯಮಗಳೂ ಅಲ್ಲೇ ಕೆಡುತ್ತವೆ.

ಎಲ್ಲ ಹೌಸ್ ರೂಲ್ ಎ4 ಹಾಳೆಯ ಒಂದು ಮಗ್ಗಲಿಗೆ ಹಿಡಿಸಬೇಕು. ಪ್ರತಿ ನಿಯಮದ ಮುಂದೆ ಯಾರಿಗೆ ಹೆಚ್ಚುತ್ತದೆ, ಯಾರಿಗೆ ಕಡಿಮೆಯಾಗುತ್ತದೆ ಎಂದು ಕ್ಲಾಸ್ ಹೆಸರು ಹಾಕಿ. ಕಡಿಮೆಯಾಗುವ ಕ್ಲಾಸ್ ಆಡುವವರು ಒಪ್ಪದಿದ್ದರೆ ಆ ನಿಯಮ ಬರಬಾರದು; ಬಹುಮತ ಇಲ್ಲಿ ಸಾಲದು, ನಾಲ್ಕು ಜನ ಸೇರಿ ಐದನೆಯವರ ಕ್ಲಾಸ್ ಕತ್ತರಿಸುವುದು ನ್ಯಾಯವಲ್ಲ. ನಾಲ್ಕು ಸೆಷನ್ ಪರೀಕ್ಷೆಗೆ ಇಡಿ. ನಡುವೆ ಬದಲಾದರೆ ಆ ಆಟಗಾರರು ಸಬ್‌ಕ್ಲಾಸ್, ಸ್ಪೆಲ್, ಫೀಟ್ ಮತ್ತೆ ಆರಿಸಲು ಅವಕಾಶ ಕೊಡಿ.

ಆ ನಾಲ್ಕು ಸೆಷನ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಕಾಳಗಕ್ಕೂ ಎಷ್ಟು ಸುತ್ತು, ಯಾರ ಡ್ಯಾಮೇಜ್ ಎಷ್ಟು, ಯಾರು 0ಗೆ ಬಿದ್ದರು, ಯಾರ ಹತ್ತಿರ ಏನು ಉಳಿಯಿತು. ಡ್ಯಾಮೇಜ್ ಒಂದನ್ನೇ ಬರೆದರೆ ವಿಝರ್ಡ್ ಬಡವನಂತೆ ಕಾಣುತ್ತಾನೆ. ಹಿಪ್ನಾಟಿಕ್ ಪ್ಯಾಟರ್ನ್ ಹಾಕಿ ಐದು ಓರ್ಕ್ ಎರಡು ಸುತ್ತು ನಿಂತಲ್ಲೇ ನಿಂತರೆ ಅವನ ಡ್ಯಾಮೇಜ್ ಸೊನ್ನೆ, ಆದರೆ ಶತ್ರುವಿನ ಹತ್ತು ಸರದಿ ಹೋಯಿತು. ಅದಕ್ಕೆ "ತಪ್ಪಿಸಿದ ಸರದಿ" ಎಂದು ಇನ್ನೊಂದು ಕಾಲಂ ಎಳೆಯಿರಿ. ಮಾಂಕ್‌ನ ಸ್ಟನ್ ಕೂಡ ಅಲ್ಲೇ ಬರುತ್ತದೆ. ಎರಡೂ ಕಾಲಂ ನೋಡಿದ ಮೇಲೆ ಯಾರು ಹಿಂದಿದ್ದಾರೆ ಎಂದು ಮಾತಾಡಿ.

ಬಾದಾಮಿ ಬಾರ್ಡ್

ಹೊಸಬರಿಗೆ ಕ್ಲಾಸ್ ಹಾಳೆ ಕನ್ನಡದಲ್ಲೇ ಮಾಡಿ ಕೊಡಿ. 5ನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1 ಜನವರಿ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅದರಲ್ಲಿ ಹನ್ನೆರಡೂ ಕ್ಲಾಸ್ ಇವೆ, ಪ್ರತಿಯೊಂದಕ್ಕೂ ಒಂದೊಂದು ಸಬ್‌ಕ್ಲಾಸ್. ಅದರಲ್ಲಿ ಸೂಚಿಸಿದ ಮೂಲ ಸ್ಮರಣೆಯ ಸಾಲು ಹಾಕಿದರೆ ಅನುವಾದಿಸಿ ಮುದ್ರಿಸಲು ಅಡ್ಡಿಯಿಲ್ಲ. ನಿಮ್ಮ ಹೌಸ್ ರೂಲ್‌ಗಳನ್ನು ಬೇರೆ ಬಣ್ಣದಲ್ಲಿ ಹಾಕಿ, ಇನ್ನೊಂದು ಟೇಬಲ್‌ಗೆ ಹೋದಾಗ ಗೊಂದಲ ಆಗುವುದಿಲ್ಲ.

ಟಿಳಕವಾಡಿ ಟೇಬಲ್ (ಬೆಳಗಾವಿ)

ಎಲ್ಲಾರಿಗೂ ಉಪಕಾರ ಆತ್ರಿ. ಹತ್ತು ನಿಮಿಷದ ರೆಸ್ಟ್ ಎರಡು, 5ರಿಂದ ಲಾಂಗ್ ರೆಸ್ಟ್ ಬಿಗಿ, ಎಚ್‌ಪಿ, ಪೋಶನ್, ಮಾಂಕ್‌ಗೆ ಮೂರೂ ತುಂಡು. ಕ್ರಿಟಿಕಲ್ ಪುಸ್ತಕದಂಗ. ಒಂದ ಅನುಮಾನ ಉಳೀತು. ವಾರ್ಲಾಕ್ ಆಡೋರು ಹುಬ್ಬಳ್ಳಿಯಾಗ ಕೆಲಸ ಮಾಡ್ತಾರ, ಎಲ್ಲಾ ರವಿವಾರ ಬರಾಕ ಆಗಂಗಿಲ್ಲ. ದಿನ ಮೂರು ರವಿವಾರ ಹಬ್ಬಿದ್ರ, ಬರದ ಇದ್ದವರ ಕಾರ್ಡ್ ಏನು ಮಾಡೋದು? ಪೂರ್ತಿ ತುಂಬಿದ ಸ್ಲಾಟ್‌ಲೆ ಬಂದ್ರ ಉಳದವರು ಸಿಟ್ಟಾಗ್ತಾರ.

ಘಟಪ್ರಭಾ (ಗೋಕಾಕ)

ಆ ಪಾತ್ರ ಹಿಂದೆ ಉಳಿದು ಸಾಮಾನು, ಕುದುರೆ ಕಾಯುತ್ತಿತ್ತು ಎಂದು ಇಡಿ. ಮರಳಿದಾಗ ಕೊನೆಯ ಫೋಟೊದಲ್ಲಿದ್ದ ಕಾರ್ಡ್ ಹಾಗೇ ಮುಂದುವರಿಯಲಿ. ಗುಂಪು ಆ ನಡುವೆ ಶಾರ್ಟ್ ರೆಸ್ಟ್ ಮಾಡಿದ್ದರೆ ಅವರಿಗೂ ಅದರ ಚೌಕಕ್ಕೆ ಗೀಟು, ಅದರ ಲಾಭವೂ ಸಿಗಲಿ. ವಾರ್ಲಾಕ್ ಆದ್ದರಿಂದ ಎರಡೂ ಸ್ಲಾಟ್ ತುಂಬಿ ಬರುತ್ತವೆ, ಆದರೆ ದಿನದ ಎರಡು ರೆಸ್ಟ್‌ನಲ್ಲಿ ಒಂದು ಅವರಿಗೂ ಖರ್ಚಾಗಿರುತ್ತದೆ. ವಿಝರ್ಡ್ ಗೈರಾದರೆ ಸ್ಲಾಟ್ ಎಷ್ಟಿತ್ತೋ ಅಷ್ಟೇ. ಆರ್ಕೇನ್ ರಿಕವರಿ ಬಳಸಿರದಿದ್ದರೆ ಆ ರೆಸ್ಟ್‌ನಲ್ಲಿ ಬಳಸಲಿ. ಗೈರಾದವರ ಪಾತ್ರವನ್ನು ಬೇರೆಯವರು ಆಡಿಸಿ ಸ್ಲಾಟ್ ಖರ್ಚು ಮಾಡುವುದು ಮಾತ್ರ ಬೇಡ, ಮುಂದಿನ ರವಿವಾರದ ಜಗಳ ಅಲ್ಲಿಂದಲೇ ಶುರುವಾಗುತ್ತದೆ.